ಅಲ್ಲಾಡಬಾರದ ಮಿದುಳು

ಮಿದುಳು ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಒಂದು ಲೀಟರ್ ಬಿಸಿನೀರಿಗೆ ಐದು ಚಮಚ ಜೆಲಟಿನ್ ಪುಡಿ ಹಾಕಿ ಗಂಟು ಕಟ್ಟದ ಹಾಗೆ ತಿರುವಬೇಕು. ಮೇಲೆ ಬಂದ ನೊರೆಯನ್ನು ಚಮಚದಲ್ಲಿ ತೆಗೆದು ಚೆಲ್ಲಬೇಕು, ಇಲ್ಲದಿದ್ದರೆ ಒಳಗೆ ಗುಳ್ಳೆ ಕೂತುಬಿಡುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಬುರುಡೆಯ ಒಂದು ಹೋಳನ್ನು ಮಗ್ಗುಲಿಗೆ ಮಲಗಿಸಿ, ಅದರ ತುಂಬ ಸುರಿದು, ಹೆಪ್ಪುಗಟ್ಟಿದ ಮೇಲೆ ಒಂದು ಹಿಡಿ ಸಾಸಿವೆಯನ್ನು ತೆಳ್ಳಗೆ ಹರಡಬೇಕು. ಆಮೇಲೆ ಇನ್ನೊಂದು ಹೋಳನ್ನು ಸ್ಕ್ರೂ ಹಾಕಿ ಬಿಗಿದು, ಕಿವಿಯ ತೂತಿನಿಂದ ಮಿಕ್ಕಿದ್ದನ್ನು ಸುರಿದು ಫ್ರಿಜ್ಜಿನಲ್ಲಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಮಿದುಳು ತಯಾರು. ಹುಟ್ಟಿದ ಮಿದುಳುಗಳಿಗಿಂತ ಇದು ಒಂದು ರೀತಿಯಲ್ಲಿ ವಾಸಿ. ಕೆಟ್ಟರೆ ಇನ್ನೊಂದು ಮಾಡಿಕೊಳ್ಳಬಹುದು.

ಹೆಲ್ಮೆಟ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದವಳು ಜೆಲ್ಲಿ ಅಕ್ಕ. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಭದ್ರವಾಗಿತ್ತು, ಬಾಯಲ್ಲಿ ಎಲ್ಲರಿಗೂ ಅವಳು ಜೆಲ್ಲಿ ಅಕ್ಕನೇ. ಅವಳು ಮಾಡಿದ ಮಿದುಳಿನ ಬುರುಡೆಗೆ ಹೆಲ್ಮೆಟ್ ತೊಡಿಸಿ, ಯಂತ್ರದ ಸುತ್ತಿಗೆಯಿಂದ ಒಂದು ಬಾರಿಸುತ್ತಿದ್ದರು. ಬುರುಡೆಯ ಒಳಗೋಡೆಗೆ ಅಂಟಿಸಿದ ಬಿಲ್ಲೆಯೊಂದು ಏಟಿನ ಜೋರನ್ನು ಅಳೆಯುತ್ತಿತ್ತು. ಒಂದು ಕ್ಷಣವನ್ನು ಸಾವಿರ ಚಿತ್ರ ಮಾಡುವ ಕ್ಯಾಮೆರಾ ಎದುರಿಗಿದ್ದು, ಸಾಸಿವೆ ಕಾಳು ಎಲ್ಲಿ ಎಷ್ಟು ಕದಲಿತು ಅಂತ ತೋರಿಸುತ್ತಿತ್ತು. ಕೊನೆಗೆ ನಲವತ್ತೆರಡು ಕಾಲಮ್ಮಿನ ಫಾರಮ್ಮು ತುಂಬಿಸಿ ಇಂಜಿನಿಯರು ಸಹಿ ಹಾಕುತ್ತಿದ್ದರು. ಅವರು ಬೇರೇನು ಮಾಡುತ್ತಾರೆ ಅಂತ ಯಾರಿಗೂ ಗೊತ್ತಿಲ್ಲದ ಕಾರಣ ಅವರಿಗೆ ಸಹಿ ಸಾಹೇಬರು ಅನ್ನುವ ಹೆಸರೇ ನಿಂತುಹೋಗಿತ್ತು.

ಎಡವಟ್ಟು ಶುರುವಾದದ್ದು ಮೂರು ವರ್ಷದ ಹಿಂದೆ. ಹೆಲ್ಮೆಟ್ ಕೊಳ್ಳಲು ಬಂದ ದೊಡ್ಡ ಮನುಷ್ಯರೊಬ್ಬರು ಪರೀಕ್ಷೆ ನೋಡುತ್ತ ನಿಂತಿದ್ದರು. ಸುತ್ತಿಗೆ ಬಿತ್ತು, ಹೆಲ್ಮೆಟ್ ಗಟ್ಟಿಯಾಗಿತ್ತು, ಬುರುಡೆಗೆ ಒಂದು ಗೀರೂ ಇಲ್ಲ. ಆದರೆ ಒಳಗಿನ ಜೆಲ್ಲಿ ಏಟು ಬಿದ್ದು ಎಷ್ಟೋ ಹೊತ್ತಾದ ಮೇಲೂ ಗದಗದ ನಡುಗುತ್ತಲೇ ಇತ್ತು. ಅದನ್ನು ನೋಡಿ ಆ ಮನುಷ್ಯರು ಒಂದು ಲೋಟ ನೀರು ಕೇಳಿ ಕುಡಿದು, ಏನೂ ಕೊಳ್ಳದೆ ಹೊರಟುಹೋದರು.

ಸೇಲ್ಸ್ ಮ್ಯಾನೇಜರು ಅಂದೇ ಜೆಲ್ಲಿ ಅಕ್ಕನ ಮೇಜಿನ ಹತ್ತಿರ ಬಂದರು. ಅವರು ಬಯ್ಯುವ ಜಾತಿಯವರಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವರು.

"ಅಕ್ಕ, ನಮ್ಮ ಮಿದುಳೇ ಹೀಗೆ ನಡುಗಿದ್ರೆ ನೋಡೋರಿಗೆ ಧೈರ್ಯ ಎಲ್ಲಿಂದ ಬರ್ಬೇಕು ಹೇಳಿ. ನೆಂಟರು ಬರೋ ದಿನ ಸ್ವಲ್ಪ ಗಟ್ಟಿಯಾಗಿ ಮಾಡಿ. ಒಂದೆರಡು ಚಮಚ ಮುಂದೆ ಹೋದ್ರೆ ಏನಾಗುತ್ತೆ?"

ಜೆಲ್ಲಿ ಅಕ್ಕ ಒಂದೆರಡಲ್ಲ, ಐದು ಚಮಚ ಮುಂದೆ ಹೋದಳು. ಕೈ ಧಾರಾಳ ಅವಳದ್ದು. ಹತ್ತು ಚಮಚದ ಮಿದುಳು ಸಾಬೂನಿನ ಗಟ್ಟಿಯ ಹಾಗೆ ಕೂತಿತು. ಏಟು ಬಿದ್ದರೆ ಒಂದು ಸಾಸಿವೆಯೂ ಮಿಸುಕಾಡಲಿಲ್ಲ. ಕೋಣೆಯವರು ಅದಕ್ಕೆ ನೆಂಟರ ಮಿದುಳು ಅಂತ ಹೆಸರಿಟ್ಟರು. ಐದು ಚಮಚದ್ದು ಮನೆ ಮಿದುಳು. ಶುರುವಿನಲ್ಲಿ ಎರಡನ್ನೂ ಮಾಡುತ್ತಿದ್ದಳು. ಆಮೇಲೆ ನೆಂಟರು ವಾರಕ್ಕೆರಡು ಸಲ ಬರತೊಡಗಿದರು, ಫ್ರಿಜ್ಜಿನಲ್ಲಿ ಜಾಗ ಸಾಲದಾಯಿತು. ಎರಡೆರಡು ಮಿದುಳು ಮಾಡುವ ಕರ್ಮ ಯಾರಿಗೆ ಬೇಕು? ಮನೆ ಮಿದುಳು ಸದ್ದಿಲ್ಲದೆ ನಿಂತುಹೋಯಿತು. ಫಾರಮ್ಮಿನ ನಲವತ್ತೆರಡು ಕಾಲಮ್ಮಿನಲ್ಲಿ ಕೋಣೆಯ ಫ್ಯಾನು ಓಡುತ್ತಿತ್ತೇ ಅಂತ ಕೇಳಲು ಒಂದಿತ್ತು, ಪುಡಿ ಎಷ್ಟು ಚಮಚ ಅಂತ ಕೇಳಲು ಒಂದೂ ಇರಲಿಲ್ಲ. "ಮಿದುಳು ಕೂದಲೆಳೆಯಷ್ಟೂ ಅಲ್ಲಾಡಿಲ್ಲ" ಅಂತ ಬರೆದು ಸಹಿ ಸಾಹೇಬರು ಸಹಿ ಹಾಕಿದರು. ಹಾಕುತ್ತಲೇ ಹೋದರು.

ಕೂದಲೆಳೆಯಷ್ಟೂ ಅಲ್ಲಾಡದ ಮಿದುಳನ್ನು ಕಂಡು ಮ್ಯಾನೇಜರಿಗೆ ಹುರುಪು ಬಂತು. ಪ್ಲಾಸ್ಟಿಕ್ ಬುರುಡೆ ಯಾಕೆ, ನಿಜವಾದ ತಲೆಯನ್ನೇ ಜನರ ಮುಂದೆ ಕೂರಿಸಿದರೆ ಹೇಗೆ ಅಂದರು. ಯಾರ ತಲೆ ಅನ್ನುವ ಪ್ರಶ್ನೆ ಬಂತು. ಮ್ಯಾನೇಜರ ತಲೆ ಕಂಪನಿಗೆ ಬೇಕಾದ ತಲೆ, ಅದನ್ನು ಬಿಡಿ. ಕೊನೆಗೆ ಸಿಕ್ಕಿದ್ದು ಪ್ಯಾಕಿಂಗ್ ವಿಭಾಗದಲ್ಲಿ ಹೆಲ್ಮೆಟ್ಟನ್ನು ಡಬ್ಬಕ್ಕೆ ತುಂಬುತ್ತಿದ್ದ, ಎತ್ತರದ, ದಪ್ಪ ಮೂಳೆಯ, ಯಾರೇನು ಹೇಳಿದರೂ ನಗುತ್ತ ತಲೆಯಾಡಿಸುವ ಒಬ್ಬ ಮನುಷ್ಯ. ಅವನು ಜೆಲ್ಲಿ ಅಕ್ಕನ ಗಂಡ.

ಅವನು ಹೆಂಡತಿಯನ್ನು ಒಂದೇ ಮಾತು ಕೇಳಿದ್ದ. "ಕೂತ್ಕೊಳ್ಳಲಾ? ನಿಮ್ಮ ಲ್ಯಾಬ್ ರಿಪೋರ್ಟು ಏನನ್ನುತ್ತೆ?"

"ಏನೂ ಆಗಲ್ಲ ಬಿಡಿ. ಒಂದು ಕಾಳೂ ಅಲ್ಲಾಡಲ್ಲ" ಅಂದಿದ್ದಳು ಅವಳು. ಬಟ್ಟೆ ಮಡಚುತ್ತ, ಅವನ ಮುಖವನ್ನೂ ನೋಡದೆ ಅಂದ ಮಾತು. ಮೂರು ವರ್ಷವಾದ ಮೇಲೂ ಆ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ಅಲ್ಲಿಂದ ಅವನು ಗಟ್ಟಿತಲೆ ಅಂತ ಹೆಸರುವಾಸಿಯಾದ. ಅಂಗಡಿಗಳ ಮುಂದೆ, ಪ್ರದರ್ಶನಗಳಲ್ಲಿ, ಕೆಂಪು ಕುರ್ಚಿಯೊಂದನ್ನು ಹಾಕಿ ಹೆಲ್ಮೆಟ್ ತೊಟ್ಟು ಕೂರುತ್ತಿದ್ದ. ಮ್ಯಾನೇಜರು ಮರದ ಕೊಡತಿಯಿಂದ ಮೂರು ಬಾರಿಸುತ್ತಿದ್ದರು. ಗಟ್ಟಿತಲೆ ಎದ್ದುನಿಂತು, ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಹದಿನೇಳರ ಮಗ್ಗಿ ಹೇಳುತ್ತಿದ್ದ. ಒಂದು ತಪ್ಪಿಲ್ಲ, ಒಂದು ತಡವರಿಕೆ ಇಲ್ಲ. ನೂರ ಎಪ್ಪತ್ತಕ್ಕೆ ಬಂದು ನಿಂತ ಕೂಡಲೇ ಚಪ್ಪಾಳೆ. ಈ ಮಗ್ಗಿ ಕಾರ್ಖಾನೆಯ ಡಾಕ್ಟರ ಸಲಹೆ. ತಲೆ ನೆಟ್ಟಗಿದೆ ಅಂತ ತೋರಿಸಲು ಇದಕ್ಕಿಂತ ಪುರಾವೆ ಬೇಕೇ ಅಂದಿದ್ದರು. ಹದಿನೇಳೇ ಯಾಕೆ ಅಂದರೆ, ಡಾಕ್ಟರಿಗೆ ಶಾಲೆಯಲ್ಲಿ ಎಷ್ಟು ಬಡಿದರೂ ಬಾರದೇ ಹೋದ ಮಗ್ಗಿ ಅದು.

ವರ್ಷದ ಕೊನೆಗೆ ಕಂಪನಿ ಅವನಿಗೆ ತಲೆಯಾಕಾರದ ಒಂದು ಸ್ಟೀಲಿನ ಬಹುಮಾನ ಕೊಟ್ಟಿತು. ಅವನ ಅಮ್ಮ ಅದನ್ನು ಟಿವಿಯ ಮೇಲಿಟ್ಟು ದಿನಾ ಬೆಳಿಗ್ಗೆ ಒರೆಸುತ್ತಿದ್ದರು. "ನನ್ನ ಮಗನ್ನ ಚಿಕ್ಕಂದಿನಲ್ಲಿ ದಡ್ಡ ದಡ್ಡ ಅಂತಿದ್ರು. ಈಗ ನೋಡು, ಅವನ ತಲೆ ನೋಡೋಕೆ ಜನ ಸಾಲು ನಿಲ್ತಾರೆ" ಅಂತ ಸೊಸೆಯ ಮುಂದೆ ಹಿಗ್ಗುತ್ತಿದ್ದರು.

ಎರಡು ವರ್ಷ ಎಲ್ಲ ಸರಿಯಿತ್ತು. ಮೂರನೆಯ ವರ್ಷ ಸಣ್ಣಪುಟ್ಟದ್ದು ಶುರುವಾಯಿತು. ಚಪ್ಪಲಿ ಫ್ರಿಜ್ಜಿನಲ್ಲಿ ಸಿಕ್ಕಿತು. ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೀಗದ ಕೈಯನ್ನು ಕೈಯಲ್ಲೇ ಹಿಡಿದು ಅರ್ಧ ಗಂಟೆ ಹುಡುಕಿದ. ಅದಕ್ಕೂ ನಕ್ಕರು. ಯಾರ ಮೇಲೂ ದನಿ ಎತ್ತದವನು ನಲ್ಲಿ ತೊಟ್ಟಿಕ್ಕುತ್ತದೆ ಅಂತ ತಟ್ಟೆ ಎಸೆದ. ಅದಕ್ಕೆ ಯಾರೂ ನಗಲಿಲ್ಲ. ದೀಪ ಹಾಕಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. "ಅಮ್ಮ, ಕಾಫಿ ಕುಡಿದ್ಯಾ?" ಅಂತ ಕೇಳಿ, ಹೂಂ ಅಂದರೆ ತಲೆಯಾಡಿಸಿ, ಐದು ನಿಮಿಷ ಬಿಟ್ಟು ಮತ್ತೆ ಅದನ್ನೇ ಕೇಳುತ್ತಿದ್ದ. ಅತ್ತೆ ಮೂರನೆಯ ಸಲವೂ ಹೂಂ ಅಂದು, ಸೊಸೆಯ ಕಡೆ ತಿರುಗಿ ಕಣ್ಣಲ್ಲೇ ಏನೋ ಕೇಳುತ್ತಿದ್ದರು. ಸೊಸೆ ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಒಂದು ಸಂಜೆ ಅವನು ಕೆಲಸದಿಂದ ಮನೆಗೆ ಬರಲೇ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಪರಿಚಯವಿಲ್ಲದ ಹೆಂಗಸೊಬ್ಬಳು ಅವನ ಮೊಣಕೈ ಹಿಡಿದುಕೊಂಡು ಬಂದಳು.

"ನಿಮ್ಮ ಯಜಮಾನರಾ ಇವ್ರು? ನಮ್ಮನೆಗೆ ಬಂದು, ಚಪ್ಪಲಿ ಬಿಟ್ಟು, ನೆಟ್ಟಗೆ ಒಳಗೆ ಬಂದು ಕಾಫಿ ಕೇಳಿದ್ರು. ನಾವು ಹೆದರಿಹೋದ್ವಿ. ಆಮೇಲೆ ಮನೆ ಮಾಲೀಕರು ಬಂದು ಗುರುತು ಹಿಡಿದ್ರು. ಆರು ವರ್ಷದ ಹಿಂದೆ ನೀವೇ ಅಂತಲ್ಲ ಅಲ್ಲಿ ಬಾಡಿಗೆಗೆ ಇದ್ದದ್ದು."

ಗಟ್ಟಿತಲೆ ಅವಳ ಪಕ್ಕದಲ್ಲಿ ನಗುತ್ತ ನಿಂತಿದ್ದ. "ಗೋಡೆ ಬಣ್ಣ ಯಾಕೆ ಬದಲಾಯಿಸಿದ್ದೀಯೇ?" ಅಂತ ಹೆಂಡತಿಯನ್ನು ಕೇಳಿದ.

ಅತ್ತೆ ಎದ್ದು ಹೋಗಿ, ಟಿವಿಯ ಮೇಲಿದ್ದ ಸ್ಟೀಲಿನ ತಲೆಯನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟು, ಸೆರಗಿನಲ್ಲಿ ಮೂಗೊರೆಸಿಕೊಂಡರು.

ಮಾರನೆಯ ಬೆಳಿಗ್ಗೆಯೇ ಅವಳು ಗಂಡನನ್ನು ಕಾರ್ಖಾನೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಮೊದಲೇ ತೆಗೆಸಿದ್ದ ತಲೆಯ ಸ್ಕ್ಯಾನನ್ನು ಬೆಳಕಿಗೆ ಹಿಡಿದರು. ಮೂಳೆ ಮುರಿದಿಲ್ಲ, ರಕ್ತ ಇಳಿದಿಲ್ಲ. ಬೆನ್ನು ತಟ್ಟಿ, "ಎಲ್ಲಿ, ಹೇಳಿ ನೋಡೋಣ" ಅಂದರು. ಗಟ್ಟಿತಲೆ ಎದ್ದುನಿಂತು ಹದಿನೇಳರ ಮಗ್ಗಿ ಹೇಳಿದ. ಡಾಕ್ಟರು ಬೆರಳಲ್ಲಿ ತಾಳ ಹಾಕುತ್ತ ಕೇಳಿದರು.

"ಫಸ್ಟ್ ಕ್ಲಾಸ್. ನಂಗೇ ಇಷ್ಟು ಚೆನ್ನಾಗಿ ಬರಲ್ಲಮ್ಮ. ಸುಮ್ನೆ ತಲೆಗೆ ಹಚ್ಕೋಬೇಡಿ."

"ನಿನ್ನೆ ಮನೆ ದಾರಿ ಮರೆತ್ರು, ಡಾಕ್ಟರೇ."

"ದಾರಿ ಯಾರು ಮರೆಯಲ್ಲ? ಮಗ್ಗಿ ಮರೆತಿಲ್ವಲ್ಲ."

ಡಾಕ್ಟರು ಚೀಟಿಯಲ್ಲಿ ಕೆಲಸಕ್ಕೆ ಯೋಗ್ಯ ಅಂತ ಬರೆದು, ಮುಂದಿನವರನ್ನು ಕರೆದರು.

ಜೆಲ್ಲಿ ಅಕ್ಕ ಪರೀಕ್ಷಾ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತಳು. ವಾರಕ್ಕೆರಡು ಪ್ರದರ್ಶನ, ಒಂದೊಂದಕ್ಕೆ ಮೂರು ಏಟು, ಮೂರು ವರ್ಷ. ಬೆರಳು ಮಡಚಿ ಎಣಿಸಿದರೆ ಒಂಬೈನೂರರ ಹತ್ತಿರ ಬಂತು. ಒಂಬೈನೂರು ಏಟಿಗೂ ತಲೆಯ ಮೇಲೆ ಒಂದು ಗೀರೂ ಬಿದ್ದಿಲ್ಲ. ಹಾಗಾದರೆ ಒಳಗೆ ಏನು ನಡೆದಿದೆ? ಅವಳಿಗೆ ಥಟ್ಟನೆ ಆ ನಡುಗುವ ಜೆಲ್ಲಿ ನೆನಪಾಯಿತು. ಎದ್ದು ನೀರು ಕಾಯಿಸಿದಳು. ಚಮಚವನ್ನು ಗಟ್ಟಿಯಾಗಿ ಎಣಿಸಿದಳು. ಐದಕ್ಕೆ ನಿಲ್ಲಿಸಿದಳು.

ಮಧ್ಯಾಹ್ನ ಮನೆ ಮಿದುಳು ತಯಾರಾಯಿತು. ಊಟಕ್ಕೆ ಹೊರಟಿದ್ದ ಸಹಿ ಸಾಹೇಬರನ್ನು ಬಾಗಿಲಲ್ಲೇ ತಡೆದು, ಒಂದೇ ಒಂದು ಪರೀಕ್ಷೆ ಸಾರ್, ಫಾರಮ್ಮು ಬೇಡ ಅಂದಳು. ಫಾರಮ್ಮು ಬೇಡ ಅಂದರೆ ಸಹಿಯೂ ಬೇಡ ಅಂತ ಅರ್ಥ ಮಾಡಿಕೊಂಡು ಅವರು ನಿಶ್ಚಿಂತರಾಗಿ ಒಳಗೆ ಬಂದರು. ಸುತ್ತಿಗೆ ಬಿತ್ತು. ಬಿಲ್ಲೆ ಹಸಿರು ದೀಪ ತೋರಿಸಿತು. ಪಾಸು. ಆಮೇಲೆ ಇಬ್ಬರೂ ಕ್ಯಾಮೆರಾದ ಚಿತ್ರವನ್ನು ನಿಧಾನವಾಗಿ ಓಡಿಸಿ ನೋಡಿದರು.

ಬುರುಡೆಯ ಅಂಚಿನ ಸಾಸಿವೆ ಸ್ವಲ್ಪವೇ ಸರಿಯಿತು. ಅಲ್ಲಿಂದ ಒಂದು ಅಲೆ ಒಳಕ್ಕೆ ಹೊರಟಿತು. ಅವಸರವಿಲ್ಲದ ಅಲೆ. ಸುತ್ತಿಗೆ ಹಿಂದೆ ಸರಿದು ಸುಮ್ಮನಾದ ಮೇಲೂ ಅದು ಒಳಗೊಳಗೇ ನಡೆಯುತ್ತಿತ್ತು. ಹೋಗ್ತಾ ಹೋಗ್ತಾ ಸಣ್ಣದಾಗಬೇಕಿತ್ತು ತಾನೇ? ಆಗಲಿಲ್ಲ. ಅದರ ಮುಂಭಾಗ ಕಡಿದಾಗುತ್ತ ಹೋಯಿತು. ನಟ್ಟನಡುವೆ ಬಂದಾಗ ಅಲ್ಲಿನ ಕಾಳುಗಳು ಕಾದ ಎಣ್ಣೆಗೆ ಬಿದ್ದ ಹಾಗೆ ಚಿಟಿಚಿಟಿ ಹಾರಿದವು. ಏಟು ತಿಂದದ್ದು ಅಂಚು, ಹಾರಿದ್ದು ನಡು.

ಸಹಿ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಓದಿದವರೇ ಅವರು, ಸಹಿ ಹಾಕಿ ಹಾಕಿ ಮರೆತಿದ್ದರು ಅಷ್ಟೇ.

"ಮೆತ್ತಗಿರೋ ವಸ್ತುವಿನಲ್ಲಿ ಅಲೆ ನಿಧಾನ ಹೋಗುತ್ತೆ ಅಕ್ಕ. ಜೋರಾದ ಏಟಾದ್ರೆ ಹಿಂದಿನ ಭಾಗ ಮುಂದಿನದ್ದನ್ನ ತಳ್ಳಿ ತಳ್ಳಿ ಅಲೆ ಚೂಪಾಗುತ್ತೆ. ಆಗ ಆಳದಲ್ಲಿ ಎಳೆದಾಟ ಹೆಚ್ಚು. ನಿಜವಾದ ಮಿದುಳಿನಲ್ಲೂ ಹೀಗೇ ಆಗಿ, ಮೇಲೆ ಗಾಯ ಇಲ್ದೆ ಒಳಗೆ ಪೆಟ್ಟಾಗಬಹುದು ಅಂತ ಹೇಳೋರಿದಾರೆ. ಇನ್ನೂ ಪೂರ್ತಿ ಇತ್ಯರ್ಥ ಆಗಿಲ್ಲ."

"ಮತ್ತೆ ನಮ್ಮ ಬಿಲ್ಲೆ?"

"ಬಿಲ್ಲೆ ಬುರುಡೆಗೆ ಅಂಟಿಕೊಂಡಿದೆ. ಬುರುಡೆ ಸುದ್ದಿ ಹೇಳುತ್ತೆ."

"ಈ ಮೂರು ವರ್ಷ ಯಾಕೆ ಯಾವ ಕಾಳೂ ಹಾರ್ಲಿಲ್ಲ ಅಂತ ಗೊತ್ತಾ ಸಾರ್ ನಿಮಗೆ?"

ಸಹಿ ಸಾಹೇಬರು ಫ್ರಿಜ್ಜಿನ ಕಡೆ ನೋಡಿದರು. ಆಮೇಲೆ ನೆಲ ನೋಡಿದರು. ಗೊತ್ತಿತ್ತು ಮಹಾನುಭಾವರಿಗೆ. ಅದಕ್ಕೊಂದು ಕಾಲಮ್ಮು ಇರಲಿಲ್ಲ, ಅಷ್ಟೇ.

"ನಾನೇ ಸಾರ್ ಹಾಕಿದ್ದು, ಹತ್ತು ಚಮಚ. ನಾನೇ ಅವರಿಗೆ ಏನೂ ಆಗಲ್ಲ ಅಂದದ್ದು" ಅಂದಳು ಜೆಲ್ಲಿ ಅಕ್ಕ. ಅಳು ಬಂತು. ಅತ್ತಳು. ಸಹಿ ಸಾಹೇಬರು ಏನು ಮಾಡಲೂ ತೋಚದೆ ಸಾಸಿವೆ ಡಬ್ಬಿಯ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು.

ವಿಷಯ ಮ್ಯಾನೇಜರ ಕೋಣೆಗೆ ಹೋಯಿತು. ಮ್ಯಾನೇಜರು ಚಿತ್ರವನ್ನು ಎರಡು ಸಲ ನೋಡಿದರು. ಡಾಕ್ಟರೂ ಬಂದು ಕೂತರು. ಬಿಸ್ಕತ್ತು ಬಂತು. ಮ್ಯಾನೇಜರು ಒಂದು ಬಿಸ್ಕತ್ತು ಮುರಿದು, ಯೋಚಿಸಿ, ನ್ಯಾಯ ಹೇಳುವವರ ಹಾಗೆ ಹೇಳಿದರು.

"ನೋಡಿ ಅಕ್ಕ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ನಮ್ಮ ಡಬ್ಬದ ಮೇಲೆ ಏನಂತ ಬರೆದಿದೀವಿ? ತಲೆಬುರುಡೆಗೆ ಸಂಪೂರ್ಣ ರಕ್ಷಣೆ. ಬುರುಡೆವರೆಗೆ ನಮ್ಮ ಜವಾಬ್ದಾರಿ. ಅದರೊಳಗೆ ಇರೋದು ಗ್ರಾಹಕರ ಸ್ವಂತದ್ದು. ಅವರ ಖಾಸಗಿ ವಿಷಯದಲ್ಲಿ ನಾವು ಮೂಗು ತೂರಿಸೋಕಾಗುತ್ತಾ?"

"ಬರೋ ಶುಕ್ರವಾರದ ದೊಡ್ಡ ಪ್ರದರ್ಶನಕ್ಕೆ ನಮ್ಮೋರ್ನ ಕೂರಿಸಬೇಡಿ ಸಾರ್. ಅಷ್ಟೇ ಕೇಳ್ತಿರೋದು."

"ಕೊಳ್ಳೋರು ಆರು ಕಡೆಯಿಂದ ಬರ್ತಿದಾರೆ. ಕುರ್ಚಿ ಖಾಲಿ ಇದ್ರೆ ಏನಂದ್ಕೋತಾರೆ?"

"ಹಾಗಾದ್ರೆ ನೀವೇ ಕೂತ್ಕೊಳ್ಳಿ. ಏನೂ ಆಗಲ್ವಲ್ಲ."

ಮ್ಯಾನೇಜರಿಗೆ ಕುತ್ತಿಗೆ ನೋವು ಇತ್ತಂತೆ, ಹಳೇದು. ಸಹಿ ಸಾಹೇಬರಿಗೆ ಕನ್ನಡಕದ ತಾಪತ್ರಯ. ಡಾಕ್ಟರು ಬಹಳ ಪ್ರಾಮಾಣಿಕರು, ತನಗೆ ಹದಿನೇಳರ ಮಗ್ಗಿ ಬರುವುದಿಲ್ಲ ಅಂದುಬಿಟ್ಟರು.

"ಅಷ್ಟಕ್ಕೂ ನಾವು ಯಾರನ್ನೂ ಬಲವಂತ ಮಾಡಿಲ್ಲ" ಅಂದರು ಮ್ಯಾನೇಜರು. "ಅವರೇ ಬಂದು ಬೇಡ ಅನ್ನಲಿ. ಈ ಕ್ಷಣ ಬಿಟ್ಟುಬಿಡ್ತೀನಿ."

ಅವರಿಗೆ ಗೊತ್ತಿತ್ತು, ಅವನು ಅನ್ನುವುದಿಲ್ಲ ಅಂತ. ಜೆಲ್ಲಿ ಅಕ್ಕನಿಗೂ ಗೊತ್ತಿತ್ತು. ಆದರೂ ಮನೆಗೆ ಹೋಗಿ ಗಂಡನ ಎದುರು ಕೂತು ಎಲ್ಲವನ್ನೂ ಹೇಳಿದಳು. ಐದು ಚಮಚ, ಹತ್ತು ಚಮಚ, ಹಾರಿದ ಸಾಸಿವೆ, ಒಂದನ್ನೂ ಮುಚ್ಚಿಡಲಿಲ್ಲ. "ತಪ್ಪು ನಂದು ರೀ. ನನ್ನ ಬಯ್ಯಿರಿ, ಹೊಡೀರಿ, ಏನಾದ್ರೂ ಮಾಡಿ. ಆ ಕುರ್ಚಿ ಮೇಲೆ ಮಾತ್ರ ಕೂರಬೇಡಿ."

ಅವನು ಅಂಗಿಯ ತೋಳನ್ನು ಮಡಚಿ ಬಿಚ್ಚಿ ಮಾಡುತ್ತ ಕೂತಿದ್ದ. ಕೇಳಿಸಿಕೊಂಡಿದ್ದಾನೋ ಇಲ್ಲವೋ ಅಂತ ಅವಳಿಗೆ ಅನುಮಾನ ಬಂತು. ಕೇಳಿಸಿಕೊಂಡಿದ್ದ.

"ಇಪ್ಪತ್ತು ವರ್ಷ ಡಬ್ಬ ತುಂಬಿದೆ ಕಣೆ. ಒಬ್ಬ ನನ್ನ ಮುಖ ನೋಡಿದ್ದಿಲ್ಲ. ಆ ಕುರ್ಚಿ ಮೇಲೆ ಕೂತ್ರೆ ಮುನ್ನೂರು ಜನ ಉಸಿರು ಬಿಗಿ ಹಿಡ್ಕೊಂಡು ನೋಡ್ತಾರೆ. ಅದನ್ನೂ ಕಿತ್ಕೋತೀಯಾ?" ಅಂದ. ಆಮೇಲೆ ಮೆತ್ತಗಾಗಿ, "ಇದೊಂದ್ಸಲ. ಶುಕ್ರವಾರ ಮುಗಿಸಿಬಿಡ್ತೀನಿ. ಆಮೇಲೆ ನೀನು ಹೇಳಿದ ಹಾಗೆ" ಅಂದ.

ಬಾಗಿಲ ಹತ್ತಿರ ನಿಂತಿದ್ದ ಅತ್ತೆ, "ಒಂದೂ ಬೇಡ ಮಗ" ಅಂದರು.

"ಅಮ್ಮ, ಕಾಫಿ ಕುಡಿದ್ಯಾ?" ಅಂದ ಅವನು.

ಶುಕ್ರವಾರಕ್ಕೆ ನೆಂಟರ ಮಿದುಳೇ ಆಗಬೇಕು ಅಂತ ಅವಳಿಗೆ ಅಪ್ಪಣೆಯಾಗಿತ್ತು. ಹತ್ತೇ ಚಮಚ, ಬೇಕಿದ್ದರೆ ಹನ್ನೊಂದು. ಹೂಂ ಸಾರ್ ಅಂದು ಅವಳು ಗುರುವಾರ ಐದು ಚಮಚದ ಮಿದುಳು ಮಾಡಿಟ್ಟಳು. ಹನ್ನೊಂದು ವರ್ಷದಲ್ಲಿ ಅವಳು ಮೇಲಿನವರು ಹೇಳಿದ್ದನ್ನು ಮಾಡದೇ ಇದ್ದದ್ದು ಅದೇ ಮೊದಲು. ಆರು ಕಡೆಯವರು ತಮ್ಮ ಕಣ್ಣಾರೆ ಸಾಸಿವೆ ಹಾರುವುದನ್ನು ನೋಡಿದರೆ, ಯಾರಾದರೂ ಒಬ್ಬರು ಎದ್ದು, ಆ ಮನುಷ್ಯನನ್ನು ಕೆಳಗಿಳಿಸಿ ಅಂದೇ ಅನ್ನುತ್ತಾರೆ ಅಂತ ಅವಳ ನಂಬಿಕೆ. ಪಾಪ, ನೋಡಿದವರಿಗೆ ಕಾಣುತ್ತದೆ ಅಂತ ಅಂದುಕೊಂಡಿದ್ದಳು.

ಶುಕ್ರವಾರ ಬೆಳಿಗ್ಗೆ ಗಂಡಹೆಂಡತಿ ಒಂದೇ ಬಸ್ಸಿನಲ್ಲಿ ಹೊರಟರು. ಕೂರಲು ಜಾಗವಿರಲಿಲ್ಲ. ಬಸ್ಸು ಕುಲುಕಿದಾಗಲೆಲ್ಲ ಅವಳು ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಅವನ ಭುಜ ಹಿಡಿದುಕೊಂಡು, ಅವನ ತಲೆ ಎಲ್ಲೂ ತಾಗದ ಹಾಗೆ ನೋಡಿಕೊಂಡಳು. ಅವನು ಕಿಟಕಿಯಾಚೆ ನೋಡುತ್ತ ಏನೋ ಗುನುಗುತ್ತಿದ್ದ.

ಸಭಾಂಗಣ ತುಂಬಿತ್ತು. ವೇದಿಕೆಯ ಒಂದು ಕಡೆ ಯಂತ್ರ ಮತ್ತು ಪ್ಲಾಸ್ಟಿಕ್ ಬುರುಡೆ, ಇನ್ನೊಂದು ಕಡೆ ಕೆಂಪು ಕುರ್ಚಿ. ಮೊದಲು ಬುರುಡೆಯ ಸರದಿ. ಸುತ್ತಿಗೆ ಬಿತ್ತು. ಹಿಂದಿನ ದೊಡ್ಡ ಪರದೆಯಲ್ಲಿ ಅಲೆ ಹೊರಟಿತು, ನಡುವಿಗೆ ಬಂತು, ಆಳುದ್ದದ ಸಾಸಿವೆ ಕಾಳುಗಳು ಚಿಟಿಚಿಟಿ ಹಾರಿದವು. ಸಭೆಯಲ್ಲಿ ಗುಸುಗುಸು ಎದ್ದಿತು. ಮ್ಯಾನೇಜರು ಜೆಲ್ಲಿ ಅಕ್ಕನ ಕಡೆ ಒಂದು ನೋಟ ಬೀರಿದರು. ಕೊಳ್ಳುವವರಲ್ಲಿ ಒಬ್ಬರು, ಬಿಳಿಗಡ್ಡದವರು, ಕೈಯೆತ್ತಿ ಕೇಳಿದರು. "ಏನದು, ನಡುವೆ ಹಾಗೆ ಹಾರಿದ್ದು?"

ಬೇರೆ ಯಾರಾದರೂ ಆಗಿದ್ದರೆ ಬೆವತುಹೋಗುತ್ತಿದ್ದರು. ಮ್ಯಾನೇಜರು ನಕ್ಕರು.

"ಅದೇ ಸಾರ್ ನಮ್ಮ ಹೊಸ ವಿಶೇಷ. ಬೇರೆಯವರ ಹೆಲ್ಮೆಟ್ಟಿನಲ್ಲಿ ಏಟು ತಲೆ ತುಂಬ ಚೆಲ್ಲಾಪಿಲ್ಲಿ ಆಗುತ್ತೆ. ನಮ್ಮದು ಎಲ್ಲಾನೂ ಗುಡಿಸಿ ತಂದು ನಡುವೆ ಒಂದು ಕಡೆ ಹಾಕುತ್ತೆ. ಅಂಚಿಗೆ ಏನೂ ಆಗಿಲ್ಲ, ನೀವೇ ನೋಡಿದ್ರಿ."

ಐದು ಕಡೆಯವರು ತಲೆಯಾಡಿಸಿ ಬರೆದುಕೊಂಡರು. ಚಪ್ಪಾಳೆಯೂ ಬಿತ್ತು. ಬಿಳಿಗಡ್ಡದವರು ಮಾತ್ರ ಪೆನ್ನು ಹಿಡಿದು ಪರದೆಯನ್ನೇ ನೋಡುತ್ತ ಕೂತರು. ಅಷ್ಟರಲ್ಲಿ ಗಟ್ಟಿತಲೆ ಕೈಮುಗಿಯುತ್ತ ವೇದಿಕೆಗೆ ಬಂದು, ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಕೆಂಪು ಕುರ್ಚಿಯಲ್ಲಿ ನೆಟ್ಟಗೆ ಕೂತಾಗಿತ್ತು. ಮ್ಯಾನೇಜರು ಕೊಡತಿ ಎತ್ತಿಕೊಂಡರು.

ಯಾರು ಕರೆದರೋ ಬಿಟ್ಟರೋ, ಜೆಲ್ಲಿ ಅಕ್ಕ ವೇದಿಕೆ ಹತ್ತಿಬಿಟ್ಟಳು. ಕೊಡತಿಗೂ ಹೆಲ್ಮೆಟ್ಟಿಗೂ ನಡುವೆ ನಿಂತಳು.

"ನಾನು ಇಲ್ಲಿ ಮಿದುಳು ಮಾಡೋಳು. ಇವರು ನಮ್ಮ ಮನೆಯವರು. ಪ್ರತಿ ಸಲ ಏಟಾದ ಮೇಲೆ ಮಗ್ಗಿ ಹೇಳಿಸ್ತೀರಿ. ಇವತ್ತು ಏಟಿಗೆ ಮುಂಚೆ ನಾನೊಂದು ಕೇಳ್ತೀನಿ. ಸರಿಯಾಗಿ ಹೇಳಿದ್ರೆ ನಾನೇ ಇಳಿದು ಹೋಗ್ತೀನಿ."

ಮುನ್ನೂರು ಜನರ ಮುಂದೆ ಬೇಡ ಅನ್ನಲು ಮ್ಯಾನೇಜರಿಗೆ ಆಗಲಿಲ್ಲ. ಕೇಳಿ ಅಕ್ಕ, ಅಂದರು ಹಲ್ಲು ಕಚ್ಚಿಕೊಂಡು ನಗುತ್ತ.

ಅವಳು ಗಂಡನ ಮುಂದೆ ಕೂತು, ಅವನ ಎರಡೂ ಕೈ ಹಿಡಿದುಕೊಂಡಳು. ಸುಲಭದ ಪ್ರಶ್ನೆಯನ್ನೇ ಆರಿಸಿದಳು. ಎಲ್ಲೋ ಒಂದು ಕಡೆ, ಅವನು ಉತ್ತರ ಹೇಳಿಬಿಡಲಿ, ತಾನು ಸೋತುಹೋಗಲಿ ಅಂತ ಅವಳಿಗೆ ಆಸೆಯಿತ್ತು.

"ರೀ, ಇವತ್ತು ಬೆಳಿಗ್ಗೆ ಇಲ್ಲಿಗೆ ಯಾರ ಜೊತೆ ಬಂದ್ರಿ?"

ಅವನು ಅವಳನ್ನು ನೋಡಿದ. ಮ್ಯಾನೇಜರನ್ನು ನೋಡಿದ. ಸಭೆಯನ್ನು ನೋಡಿದ. ಹಣೆಯ ಮೇಲೆ ಗೆರೆ ಮೂಡಿತು. ಶಾಲೆಯಲ್ಲಿ ಪಾಠ ಓದದೆ ಬಂದ ಹುಡುಗನ ಹಾಗೆ ಮುಖ ಸಪ್ಪಗಾಯಿತು. ಆಮೇಲೆ ಅದೇನು ಹೊಳೆಯಿತೋ, ಮುಖ ಅರಳಿತು. ಎದ್ದುನಿಂತು, ಹೆಲ್ಮೆಟ್ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಎದೆ ಉಬ್ಬಿಸಿ ಶುರುಮಾಡಿದ.

"ಹದಿನೇಳೊಂದ್ಲಿ ಹದಿನೇಳು. ಹದಿನೇಳೆರಡ್ಲಿ ಮೂವತ್ನಾಲ್ಕು. ಹದಿನೇಳ್ಮೂರ್ಲಿ ಐವತ್ತೊಂದು..."

ಹಿಂದಿನ ಸಾಲುಗಳಿಂದ ರೂಢಿಯಂತೆ ಚಪ್ಪಾಳೆ ಶುರುವಾಯಿತು. ಮ್ಯಾನೇಜರು ಎತ್ತಿದ ಕೊಡತಿಯನ್ನು ಹಾಗೇ ಹಿಡಿದು ನಿಂತಿದ್ದರು. ಡಾಕ್ಟರ ಬೆರಳು ಅಭ್ಯಾಸಬಲದಿಂದ ಎರಡು ತಾಳ ಹಾಕಿ ನಿಂತಿತು. ಆಗ ಬಿಳಿಗಡ್ಡದವರು ಪಕ್ಕದವರಿಗೆ ಹೇಳಿದ ಮಾತು ಎಲ್ಲರಿಗೂ ಕೇಳಿಸಿತು.

"ಇನ್ನೂ ಹೊಡೆದೇ ಇಲ್ವಲ್ಲ."

ಚಪ್ಪಾಳೆ ಒಂದೊಂದೇ ಸಾಲಾಗಿ ನಿಂತುಹೋಯಿತು. ಅವನಿಗೆ ಅದು ತಿಳಿಯಲಿಲ್ಲ. ಎಂಬತ್ತೈದು, ನೂರೆರಡು ಅಂತ ಅವನು ಹೇಳುತ್ತಲೇ ಇದ್ದ. ಜೆಲ್ಲಿ ಅಕ್ಕ ಅವನ ಕಂಕುಳಿಂದ ಹೆಲ್ಮೆಟ್ ತೆಗೆದು ಕೆಂಪು ಕುರ್ಚಿಯ ಮೇಲಿಟ್ಟಳು. ತೋಳು ಹಿಡಿದು ಮೆಟ್ಟಿಲು ಇಳಿಸಿದಳು. ಯಾರೂ ತಡೆಯಲಿಲ್ಲ. ಸಹಿ ಸಾಹೇಬರು ಎದ್ದು ಬಾಗಿಲು ತೆಗೆದು ಹಿಡಿದರು, ಅಷ್ಟರಮಟ್ಟಿಗೆ ಅವರನ್ನು ಮೆಚ್ಚಬೇಕು. ನೂರ ಐವತ್ಮೂರು ಬಾಗಿಲ ಹತ್ತಿರ ಮುಗಿಯಿತು. ನೂರ ಎಪ್ಪತ್ತು ಹೊರಗಿನ ಬಿಸಿಲಿನಲ್ಲಿ.

ಬಸ್ಸಿಗೆ ಕಾಯುತ್ತ ಇಬ್ಬರೂ ಕಟ್ಟೆಯ ಮೇಲೆ ಕೂತರು. ಬಿಸಿಲಿಗೆ ಅವನು ಕಣ್ಣು ಕಿರಿದು ಮಾಡಿದ. ಅವಳು ಸೆರಗನ್ನು ಅವನ ಹಣೆಗೆ ಅಡ್ಡ ಹಿಡಿದಳು. ಅವನು ಸ್ವಲ್ಪ ಹೊತ್ತು ತಲೆಯ ಮೇಲೆಲ್ಲ ಕೈಯಾಡಿಸಿಕೊಂಡು, ಸಮಾಧಾನದಿಂದ ಅವಳ ಕಡೆ ತಿರುಗಿದ.

"ಇವತ್ತು ಏಟು ಬಿದ್ದದ್ದೇ ಗೊತ್ತಾಗ್ಲಿಲ್ಲ ಕಣೆ. ಒಳ್ಳೇ ಹೆಲ್ಮೆಟ್ಟು."